ಬಂಗಾರೆವ್ವನ ಕಾರು ಗುಜರಿಯಲ್ಲ

ಕಡಲಾಚೆಯ ಸನಿವೇಲ್ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಲವತ್ತೆರಡು ಮನೆ. ಅದರಲ್ಲಿ ಮೂವತ್ತು ಮನೆಯವರು ಇಂಜಿನಿಯರುಗಳು. ಅಷ್ಟು ಜನರಲ್ಲಿ ತನ್ನ ಕಾರಿನ ಬಾನೆಟ್ಟು ಎತ್ತಿ ನೋಡಿದವನು ಒಬ್ಬನೂ ಇರಲಿಲ್ಲ. ಎತ್ತಿ ನೋಡುವವಳು ಒಬ್ಬಳಿದ್ದಳು. ಅವಳು ಬ್ಲೌಸು ಹೊಲಿಯುವವಳು.

ಆಕೆ ಬಂಗಾರೆವ್ವ, ಹುಬ್ಬಳ್ಳಿಯವಳು. ಆಕೆಯ ಕಾರನ್ನು ನಮ್ಮ ಜನ ಗುಜರಿಗೆ ಅಟ್ಟಲು ಹೊರಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಗ ಅದೇ ಜನ ಹಬ್ಬದೂಟಕ್ಕೆ ಕೂತಾಗ ಅದನ್ನೊಂದು ತಮಾಷೆಯ ಸಂಗತಿ ಮಾಡಿಕೊಂಡು ಹೇಳುತ್ತಾರೆ. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಬಂಗಾರೆವ್ವ ಎಂಬತ್ತೇಳನೇ ಇಸವಿಯಲ್ಲಿ ಗಂಡ ಅಡಿವೆಪ್ಪನ ಜೊತೆ ಈ ಸೀಮೆಗೆ ಬಂದಳು. ಅಡಿವೆಪ್ಪನಿಗೆ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ. ಮಾತು ಕಡಿಮೆ, ಪೂಜೆ ಜಾಸ್ತಿ, ಯಾರು ಏನಂದರೂ ಹೂಂಗುಟ್ಟುವ ಸ್ವಭಾವ. ಆಕೆ ಊರಿನಿಂದ ಬರುವಾಗ ತನ್ನ ಹೊಲಿಗೆ ಯಂತ್ರದ ತಲೆಯನ್ನು ಸೀರೆಗಳ ನಡುವೆ ಸುತ್ತಿಕೊಂಡು ತಂದಿದ್ದಳು. ಐದಾರು ವರ್ಷದೊಳಗೆ ಮೆನ್ಲೋ ಪಾರ್ಕಿನಿಂದ ಹಿಡಿದು ಮಾರ್ಗನ್ ಹಿಲ್‌ವರೆಗೆ ಇದ್ದ ನಮ್ಮ ಹೆಣ್ಣುಮಕ್ಕಳ ಅಳತೆಯೆಲ್ಲ ಆಕೆಯ ವಹಿಯಲ್ಲಿ ಬಂದು ಕೂತಿತ್ತು. ಆದರೆ ಬಟ್ಟೆಗಂಟು ಹೊತ್ತು ಬಸ್ಸಿನಲ್ಲಿ ಎಷ್ಟು ದೂರ ತಿರುಗುವುದು?

ಪಾಲೋ ಆಲ್ಟೋದ ಒಬ್ಬ ಮುದಿ ವಕೀಲನ ಮನೆಗೆ ಪರದೆ ಹೊಲಿಯಲು ಹೋದಾಗ, ಶೆಡ್ಡಿನಲ್ಲಿ ಧೂಳು ಹೊದ್ದು ನಿಂತಿದ್ದ ಕಾರು ಆಕೆಯ ಕಣ್ಣಿಗೆ ಬಿತ್ತು. ಎಂಬತ್ತಮೂರನೇ ಇಸವಿಯ ಜರ್ಮನ್ ಗಾಡಿ. ಕಂಪನಿಯ ಒಡೆಯರು ಹಿಂದೆ ಕೂತು ಪೇಪರು ಓದುತ್ತ ಹೋಗಲೆಂದೇ ಮಾಡಿದ್ದು. ಆರು ಸಿಲಿಂಡರಿನ ಇಂಜಿನ್, ಮಂಚದಷ್ಟು ಅಗಲದ ಸೀಟು, ಎರಡು ಹೊಲಿಗೆ ಯಂತ್ರ ಮಲಗಿಸಬಹುದಾದ ಡಿಕ್ಕಿ. ಸೀಟು ಹರಿದಿತ್ತು, ಕಿಟಕಿ ಇಳಿದರೆ ಏರುತ್ತಿರಲಿಲ್ಲ, ಚಾವಣಿಯ ಬಟ್ಟೆ ಜೋತು ಬಿದ್ದು ಓಡಿಸುವವರ ನೆತ್ತಿಗೆ ತಾಗುತ್ತಿತ್ತು. ಪರದೆಯ ಕೂಲಿಯ ಬದಲಿಗೆ ಕಾರನ್ನೇ ಒಯ್ಯಿ ಎಂದು ವಕೀಲ ಅಂದ. ಆಕೆ ಒಯ್ದಳು.

ಗ್ಯಾರೇಜಿನವರು ರಿಪೇರಿಗೆ ಹೇಳಿದ ಬೆಲೆ ಕೇಳಿ ಅಡಿವೆಪ್ಪ ಕುಸಿದು ಕೂತ. ಬಂಗಾರೆವ್ವ ಮಾತ್ರ, “ಬಟ್ಟಿ ಹರಿದ್ರ ಬಟ್ಟಿ ಹಾಕೂದು. ಅದಕ್ಕ ಅವ್ರ ಯಾಕ ಬೇಕು?” ಅಂದಳು. ಚಾವಣಿಗೆ ಗುಳೇದಗುಡ್ಡದ ಖಣದ ಬಟ್ಟೆ ಬಿಗಿದಳು. ದಬ್ಬಳದಲ್ಲಿ ಮೇಣದ ದಾರ ಪೋಣಿಸಿ ಸೀಟಿನ ತೊಗಲು ಹೊಲಿದಳು. ಆಮೇಲೆ ಲೈಬ್ರರಿಯಿಂದ ಆ ಕಾರಿನ ದಪ್ಪ ಪುಸ್ತಕ ತಂದಳು. ಇಂಗ್ಲಿಷು ಎಡವಿದಲ್ಲೆಲ್ಲ ಚಿತ್ರ ನೋಡಿ ಮುಂದೆ ಹೋದಳು. ಬೇಕಾದ ಸಾಮಾನಿಗೆ ಸ್ಯಾನ್ ಹೋಸೆಯ ಆಚೆ ಹಳೆ ಕಾರುಗಳನ್ನು ಸಾಲಾಗಿ ನಿಲ್ಲಿಸಿದ ಗುಜರಿ ಅಂಗಳ ಇತ್ತು. ಭಾನುವಾರ ಗಂಡನ ಗೋದಾಮಿನ ನೀಲಿ ಅಂಗಿಯನ್ನು ಸೀರೆಯ ಮೇಲೆ ಏರಿಸಿಕೊಂಡು ಅಲ್ಲಿಗೆ ಹೋಗಿ, ಬೇಕಾದದ್ದನ್ನು ತಾನೇ ಬಿಚ್ಚಿ ತರುವಳು.

ನಾನೂ ಜೊತೆಗೆ ಹೋಗುತ್ತಿದ್ದೆ. ನಾನು ಆಕೆಯ ಮೇಲಿನ ಮನೆಯಲ್ಲಿ ಮಗಳ ಜೊತೆ ಇದ್ದವನು. ರಾಣೆಬೆನ್ನೂರಿನಲ್ಲಿ ಮೂವತ್ತು ವರ್ಷ ಹಿಟ್ಟಿನ ಗಿರಣಿಯ ಡೀಸೆಲ್ ಇಂಜಿನ್ ಓಡಿಸಿದವನು. ನನಗೆ ಯಾವ ಕಾಲೇಜೂ ಅದನ್ನು ಕಲಿಸಲಿಲ್ಲ. ಆದರೂ ಆಕೆಯ ರೀತಿ ನನಗೆ ಹೊಸದು. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಹಳೆ ಸೀರೆಯ ತುಂಡಿಗೆ, ಬಿಚ್ಚಿದ ಸಾಲಿನಲ್ಲೇ, ಸೂಜಿದಾರದಿಂದ ಹೊಲಿದಿಡುವಳು. ಮತ್ತೆ ಕೂಡಿಸುವಾಗ ಕೊನೆಯಿಂದ ದಾರ ಕತ್ತರಿಸುತ್ತ ಬರುವಳು. ಆರು ವರ್ಷದಲ್ಲಿ ಒಂದು ಸ್ಕ್ರೂ ಹೆಚ್ಚಾಗಿ ಉಳಿದದ್ದನ್ನು ನಾನು ಕಾಣಲಿಲ್ಲ.

ಇಂಥ ಕಾರನ್ನು ನಮ್ಮವರು ಡಬ್ಬಾ ಎಂದರು. ಆ ವರ್ಷಗಳಲ್ಲಿ ನಮ್ಮವರ ಕಾಲು ನೆಲದ ಮೇಲಿರಲಿಲ್ಲ. ಕಂಪನಿ ಇನ್ನೂ ಒಂದು ಸಾಮಾನು ಮಾರಿರುವುದಿಲ್ಲ, ಆಗಲೇ ಷೇರು ನೆಚ್ಚಿಕೊಂಡು ಕ್ಯುಪರ್ಟಿನೋದಲ್ಲಿ ಮನೆ ನೋಡುವರು. ಎದುರು ಮನೆಯ ರಘು ಅಂಥವನು. ಮಂಡ್ಯದ ಕಡೆಯ ಹುಡುಗ, ಮೆನ್ಲೋ ಪಾರ್ಕಿನಲ್ಲಿ ಕೆಲಸ. ಕೆಟ್ಟವನಲ್ಲ. ಆದರೆ ಹಳೆಯದೆಂದರೆ ಸತ್ತದ್ದು ಎಂದೇ ಅವನ ತಿಳುವಳಿಕೆ. ಅವನ ಹೆಂಡತಿಯ ಬ್ಲೌಸುಗಳೆಲ್ಲ ಆ ಡಬ್ಬಾದ ಡಿಕ್ಕಿಯಲ್ಲೇ ಬರುತ್ತಿದ್ದವು ಎಂಬುದನ್ನು ಅವನು ಎಂದೂ ಯೋಚಿಸಿದವನಲ್ಲ.

ತೊಂಬತ್ತೊಂಬತ್ತರ ಆಯುಧ ಪೂಜೆಯ ದಿನ ಬಂಗಾರೆವ್ವನನ್ನು ಮಾರ್ಗನ್ ಹಿಲ್‌ನ ಒಬ್ಬಳು ಗಿರಾಕಿ ಮದುವೆ ಬಟ್ಟೆಯ ಅಳತೆಗೆಂದು ತನ್ನ ಕಾರಿನಲ್ಲಿ ಕರೆದೊಯ್ದಿದ್ದಳು. ಅಡಿವೆಪ್ಪನಿಗೆ ಅಂದು ರಜೆ. ಹೆಂಡತಿ ಬರುವಷ್ಟರಲ್ಲಿ ಕಾರಿನ ಪೂಜೆ ಮುಗಿಸಬೇಕೆಂದು ಉಮೇದು ಬಂತು. ಹೊರಗೆ ತೊಳೆದದ್ದು ಸಾಲದೆಂದು ಬಾನೆಟ್ಟು ಎತ್ತಿ ಇಂಜಿನ್ನಿಗೂ ಪೈಪಿನಿಂದ ನೀರು ಹೊಡೆಸಿದ. ಇಂಜಿನ್ನಿನ ನೆತ್ತಿಗೆ ವಿಭೂತಿ ಬಳಿದು, ಅದು ಸೊಟ್ಟಗಾಯಿತೆಂದು ಮತ್ತೆ ನೀರು ಹೊಯ್ಯಿಸಿ, ಮತ್ತೆ ಬಳಿದ. ಪೈಪು ಹಿಡಿದಿದ್ದವನು ನಾನೇ. ಗಿರಣಿಯ ಡೀಸೆಲ್ ಇಂಜಿನ್ನಿಗೆ ಕೊಡಗಟ್ಟಲೆ ನೀರು ಸುರಿದು ತೊಳೆದ ಕೈ ಇದು. ಅದಕ್ಕೆ ಕಿಡಿಯ ಹಂಗಿಲ್ಲ, ಪೆಟ್ರೋಲಿನ ಇಂಜಿನ್ನಿಗೆ ಇದೆ ಎಂಬುದು ಆ ಗಳಿಗೆ ನನಗೆ ಹೊಳೆಯಲಿಲ್ಲ. ನಾವಿಬ್ಬರೂ ಅದನ್ನು ಆಕೆಗೆ ಹೇಳಲೂ ಇಲ್ಲ. ಹೇಳುವಂಥದ್ದು ಅದರಲ್ಲಿ ಏನಿದೆ ಎಂದುಕೊಂಡೆವು.

ಮರುದಿನ ಆಕೆ ಕಾರನ್ನು ಸ್ಮಾಗ್ ಚೆಕ್ಕಿಗೆ ಒಯ್ದಳು. ಇಲ್ಲಿ ಎರಡು ವರ್ಷಕ್ಕೊಮ್ಮೆ ಕಾರಿನ ಹೊಗೆ ಅಳೆಯುತ್ತಾರೆ. ಪಾಸಾಗದಿದ್ದರೆ ರಿಜಿಸ್ಟ್ರೇಶನ್ ಇಲ್ಲ, ರಸ್ತೆಗೆ ಇಳಿಸುವಂತಿಲ್ಲ. ದಾರಿಯಲ್ಲೇ ಕಾರು ಮುಗ್ಗರಿಸುತ್ತ ಹೋಯಿತು. ಪರೀಕ್ಷೆಯವನು ಹಿಂದಿನ ಕೊಳವೆಗೆ ನಳಿಗೆ ಸಿಕ್ಕಿಸಿ, ಅಂಕಿ ನೋಡಿ, ತಲೆ ಅಲ್ಲಾಡಿಸಿ ಒಂದು ಕಾಗದ ಕೊಟ್ಟ. ಬರೀ ಫೇಲಲ್ಲ; ಊರು ಕೆಡಿಸುವ ಅತಿ ಹೊಲಸು ಗಾಡಿಗಳ ಸಾಲಿಗೆ ಸೇರಿಸಿದ್ದ.

“ಹೊಲಸಂತ! ನನ್ನ ಗಾಡಿ ಹೊಲಸಂತ, ಕಾಕಾರ!” ಎಂದು ಕಾಗದ ನನ್ನ ಮುಖದೆದುರು ಹಿಡಿದಳು. ಕೈಯ ಮಸಿಯನ್ನು ಉಗುರಿನ ಸಂದಿಯಿಂದಲೂ ತೆಗೆದು ಊಟಕ್ಕೆ ಕೂರುವ ಹೆಂಗಸು ಆಕೆ.

ಸುದ್ದಿ ಕೇಳಿ ರಘು ಬಂದ. “ಆಂಟಿ, ಆ ಡಬ್ಬಾನ ಇನ್ನೂ ಯಾಕೆ ಇಟ್ಕೊಂಡಿದೀರಾ? ಕ್ರಷ್ ಮಾಡೋ ಯಾರ್ಡಿಗೆ ಒಂದು ಫೋನ್ ಮಾಡಿದ್ರೆ ಅವರೇ ಬಂದು ಟೋ ಮಾಡ್ಕೊಂಡು ಹೋಗ್ತಾರೆ. ಮೇಲೆ ಚೆಕ್ಕೂ ಕೊಡ್ತಾರೆ. ಆರಾಮಾಗಿ ಹೊಸದೊಂದು ಲೀಸ್ ತಗೊಳ್ಳಿ.”

“ನೀ ಬಾನೆಟ್ ತಗದ ನೋಡಿಯೇನು?”

“ನೋಡೋದೇನಿದೆ ಆಂಟಿ? ಹದಿನಾರು ವರ್ಷದ ಗಾಡಿ!”

“ನನಗ ಐವತ್ತೆರಡು. ನನ್ನೂ ಟೋ ಮಾಡಸ್ತೀಯೇನೋ ತಮ್ಮಾ?”

ರಘು ನಕ್ಕು ಹೋದ. ಹೋದವನು ಸುಮ್ಮನಿರಲಿಲ್ಲ, ಅಡಿವೆಪ್ಪನನ್ನು ಪಾರ್ಕಿಂಗ್ ಲಾಟಿನಲ್ಲಿ ಹಿಡಿದು, ಇನ್ನಿಬ್ಬರು ಇಂಜಿನಿಯರುಗಳನ್ನು ಕೂಡಿಸಿಕೊಂಡು, ಇಂಜಿನ್ ಮುಗಿದುಹೋಗಿದೆ ಎಂದು ತಲೆಗೆ ತುಂಬಿದ. ಕಾರಿನ ಕಾಗದ ಅಡಿವೆಪ್ಪನ ಹೆಸರಲ್ಲಿತ್ತು. ದುಡಿದವಳ ಒಂದು ಮಾತು ಕೇಳುವ ಅಗತ್ಯ ಈ ಓದಿದವರಲ್ಲಿ ಒಬ್ಬನಿಗೂ ಕಾಣಲಿಲ್ಲ. ರಘು ತನ್ನ ಫೋನಿನಿಂದಲೇ ಯಾರ್ಡಿಗೆ ಮಾತಾಡಿಸಿದ. ಅಡಿವೆಪ್ಪ ಎಂದಿನಂತೆ ಹೂಂ ಅಂದ. ಶನಿವಾರ ಒಂಬತ್ತಕ್ಕೆ ಟೋ ಗಾಡಿ ಬರುವುದೆಂದು ನಿಕ್ಕಿಯಾಯಿತು.

ಅಡಿವೆಪ್ಪ ಇದನ್ನು ಹೆಂಡತಿಗೆ ಹೇಳಿದ್ದು ಶುಕ್ರವಾರ ಬೆಳಿಗ್ಗೆ, ರೊಟ್ಟಿ ಮುರಿಯುತ್ತ.

“ನನ್ನ ಕೇಳಲಾರದ?” ಅಂದಳು ಆಕೆ.

“ಎಲ್ಲಾರೂ ಗಾಡಿ ಸತ್ತೈತಿ ಅಂತಾರ. ಓದಿದ ಮಂದಿ...”

“ಗಾಡಿ ಹೋತಂದ್ರ ನಾ ಮೆನ್ಲೋ ಪಾರ್ಕಿಗೆ ಗಂಟ ಹೊತ್ಕೊಂಡ ನಡಕೋತ ಹೋಗ್ಲೇನು? ಹನ್ನೆರಡು ವರ್ಷದ ಗಿರಾಕಿ ಬಿಡ್ಲೇನು?”

ಆಕೆ ತಟ್ಟೆ ಸರಿಸಿ ಎದ್ದು, ನೀಲಿ ಅಂಗಿ ಹಾಕಿಕೊಂಡು ಕೆಳಗಿಳಿದಳು. ನನ್ನನ್ನೂ ಕರೆದಳು. ಇಂಜಿನ್ ಚಾಲೂ ಮಾಡಿ, ಅಂಗೈಯನ್ನು ಮಡ್‌ಗಾರ್ಡಿನ ಮೇಲೆ ಊರಿ, ಕಣ್ಣು ಮುಚ್ಚಿ ನಿಂತಳು.

“ಕೇಳ್ರಿ ಕಾಕಾರ. ಆರು ಹೊಲಿಗಿಗೆ ಒಂದು ತಪ್ಪಾಕತ್ತೈತಿ. ಮಷಿನ್ ಹಾಳಾಗಿದ್ರ ಎಲ್ಲಾ ಹೊಲಿಗೀನೂ ಸೊಟ್ಟ ಬರತಾವ. ಒಂದ ತಪ್ಪಿದ್ರ ಆ ಸೂಜಿದ ಏನೋ ಆಗೇತಿ.”

ನಾನು ಕಿವಿಗೊಟ್ಟೆ. ಹೌದು, ಐದು ಬಡಿತ, ಒಂದು ಖಾಲಿ, ಐದು ಬಡಿತ, ಒಂದು ಖಾಲಿ. ರಬ್ಬರಿನ ಕೈಗವಸು ತೊಟ್ಟು ಆಕೆ ಒಂದೊಂದೇ ಪ್ಲಗ್ಗಿನ ವೈರು ಕಿತ್ತು ಮತ್ತೆ ಸಿಕ್ಕಿಸುತ್ತ ಬಂದಳು. ಕಿತ್ತಾಗ ಇಂಜಿನ್ ಇನ್ನಷ್ಟು ನಡುಗಿದರೆ ಆ ಸಿಲಿಂಡರು ಜೀವಂತ. ನಾಲ್ಕನೆಯದನ್ನು ಕಿತ್ತಳು, ಇಂಜಿನ್ನಿಗೆ ಏನೂ ಅನಿಸಲಿಲ್ಲ. ಆಕೆ ಅದನ್ನು ನಿಲ್ಲಿಸಿ ಟಾರ್ಚು ಬಿಟ್ಟು ಒಳಗೆ ನೋಡಿದಳು. ಪ್ಲಗ್ಗು ಕೂರುವ ಗುಂಡಿಯ ತುಂಬ ನೀರು, ಬೆಳ್ಳಗೆ ಮಜ್ಜಿಗೆಯಂತೆ. ಬೆರಳದ್ದಿ ಮೂಸಿದಳು.

“ಇದು ವಿಭೂತಿ,” ಅಂದಳು. “ಇದಕ್ಕ ಜಳಕಾ ಮಾಡಿಸಿದವ್ರು ಯಾರು?”

ಮೆಟ್ಟಿಲ ಮೇಲೆ ನಿಂತಿದ್ದ ಅಡಿವೆಪ್ಪ ನನ್ನನ್ನು ನೋಡಿದ. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. “ಪೈಪು ನಾನ ಹಿಡಿದಿದ್ದೆವ್ವಾ,” ಅಂದೆ.

“ಪೂಜಾ ಮಾಡಿ ನನ್ನ ಗಾಡಿಗೆ ಹೊಲಸ ಅನ್ನೂ ಹೆಸರ ತಂದಿಟ್ರಿ! ಇಬ್ಬರೂ ಮುದುಕ್ರು ಕೂಡಿ!” ಎಂದು ಆಕೆ ಅಂದದ್ದು ನಾಲ್ಕು ಮನೆಗೆ ಕೇಳಿತು. ನಾವು ಬೈಸಿಕೊಂಡೆವು. ಬೈಸಿಕೊಳ್ಳುವುದು ನ್ಯಾಯವೇ ಆಗಿತ್ತು.

ನಾಲ್ಕು ದಿನದಿಂದ ಆ ಗುಂಡಿಯ ನೀರಿನಲ್ಲಿ ಕಿಡಿ ದಾರಿ ತಪ್ಪುತ್ತಿತ್ತು, ಆ ಸಿಲಿಂಡರಿನ ಪೆಟ್ರೋಲು ಉರಿಯದೆ ಹಾಗೇ ಹೊರಗೆ ಹೋಗುತ್ತಿತ್ತು. ಅಷ್ಟೇ. ಬಟ್ಟೆಯ ಬತ್ತಿ ಹೊಸೆದು ಇಳಿಬಿಟ್ಟು ನೀರು ಹೀರಿದಳು. ಪ್ಲಗ್ಗು ಬಿಚ್ಚಿ ಉಸುಕಿನ ಕಾಗದದಿಂದ ಉಜ್ಜಿದಳು. ವೈರುಗಳನ್ನು ಬಿಸಿಲಿಗೆ ಹಾಕಿದಳು. ಕಿಡಿ ಹಂಚುವ ಡಬ್ಬಿಯ ಮುಚ್ಚಳ ತೆಗೆದು ಒಳಗಿನ ತೇವವನ್ನು ಮೆತ್ತನೆ ಹತ್ತಿ ಸೀರೆಯ ತುಂಡಿನಿಂದ ಒರೆಸಿದಳು. ಕೂಡಿಸಿ ಚಾಲೂ ಮಾಡಿದಾಗ ಆರಕ್ಕೆ ಆರೂ ಹೊಲಿಗೆ ಬಿದ್ದವು.

ಶನಿವಾರ ಎಂಟಕ್ಕೆ ನಾವಿಬ್ಬರೂ ಸ್ಮಾಗ್ ಚೆಕ್ಕಿಗೆ ಹೋದೆವು. ಪರೀಕ್ಷೆಯವನು ಅಂಕಿ ನಂಬದೆ ಇನ್ನೊಮ್ಮೆ ಅಳೆದ. ಎರಡನೇ ಸಲವೂ ಪಾಸು.

ವಾಪಸು ಬರುವಷ್ಟರಲ್ಲಿ ಒಂಬತ್ತೂ ಕಾಲು. ಆಕೆಯ ಜಾಗದಲ್ಲೇ ಟೋ ಗಾಡಿ ಸರಪಳಿ ಇಳಿಬಿಟ್ಟು ನಿಂತಿತ್ತು. ಕಾಫಿ ಮಗ್ಗು ಹಿಡಿದು ರಘು ಅದರ ಡ್ರೈವರಿಗೆ ಏನೋ ತಿಳಿಸಿ ಹೇಳುತ್ತಿದ್ದ. ಅಡಿವೆಪ್ಪ ಚಪ್ಪಲಿಯಲ್ಲಿ ನೆಲ ಕೆರೆಯುತ್ತಿದ್ದ. ಬಂಗಾರೆವ್ವ ಇಳಿದು ಕಾಗದವನ್ನು ರಘುವಿನ ಕೈಗಿಟ್ಟಳು.

“ಓದಪ್ಪಾ ಇಂಜಿನಿಯರಾ. ಎಲ್ಲಾರಿಗೂ ಕೇಳೂ ಹಂಗ ಓದು.”

ರಘು ಓದಿದ. ಕಾಗದ ತಿರುವಿ ಹಿಂಬದಿಯನ್ನೂ ನೋಡಿದ. “ಆಂಟಿ, ಇದು ಪಾಸಾಗಿದೆ! ಯಾವ ಪಾರ್ಟ್ ಚೇಂಜ್ ಮಾಡ್ಸಿದ್ರಿ?”

“ಯಾವದೂ ಇಲ್ಲ. ನೀರ ಒರಸೀನಿ.”

ಆಮೇಲೆ ಗಂಡನ ಕಡೆ ತಿರುಗಿದಳು. “ಆ ಗಾಡಿ ಕರಸಿದವ್ರು ನೀವ. ಹೋಗಿ ನೀವ ಕಳಸ್ರಿ. ಇಂಗ್ಲಿಷಿನ್ಯಾಗ ಹೇಳ್ರಿ.”

ನಾನು ಕಂಡ ಇಷ್ಟು ವರ್ಷದಲ್ಲಿ ಅಡಿವೆಪ್ಪ ಒಬ್ಬ ಹೊರಗಿನವನಿಗೆ ಇಲ್ಲ ಎಂದದ್ದನ್ನು ನಾನು ಕೇಳಿರಲಿಲ್ಲ. ಅಂದು ಹೋಗಿ, ಕೈಯೆತ್ತಿ, “ನೋ. ನೋ ಕ್ರಷ್. ಗುಡ್ ಕಾರ್. ಸಾರಿ,” ಅಂದ. ಡ್ರೈವರು ಗೊಣಗಿ ಸರಪಳಿ ಸುತ್ತಿಕೊಂಡು ಹೋದ.

ಇಷ್ಟಾದ ಮೇಲೂ ರಘುವಿನ ಬಾಯಿಂದ ತಪ್ಪಾಯಿತು ಎಂಬ ಒಂದು ಮಾತು ಬರಲಿಲ್ಲ. “ಲಕ್ಕಿ ಆಂಟಿ ನೀವು,” ಅಂದ.

ಲಕ್ಕಿಯಂತೆ! ಆರು ವರ್ಷ ಗುಜರಿಯ ಬಿಸಿಲಿನಲ್ಲಿ ಬೆನ್ನು ಸುಟ್ಟುಕೊಂಡದ್ದು ಅದೃಷ್ಟ, ಇಂಜಿನ್ನಿನ ಸದ್ದಿನಲ್ಲಿ ತಪ್ಪಿದ ಹೊಲಿಗೆ ಹಿಡಿದದ್ದು ಅದೃಷ್ಟ. ನನಗೆ ತಡೆಯಲಾಗಲಿಲ್ಲ. “ಆ ಲಕ್ಕು ನಿನಗೂ ಬರತೈತೋ ತಮ್ಮಾ, ಮೊದಲ ನಿನ್ನ ಬಾನೆಟ್ಟು ಎಲ್ಲಿ ತೆಗಿತೈತಿ ತೋರಿಸು ನೋಡೂಣು,” ಅಂದೆ. ಅವನು ನಿಜವಾಗಿಯೂ ಬಾನೆಟ್ಟಿನ ಕೊಂಡಿ ಹುಡುಕುತ್ತ ತನ್ನ ಹೊಸ ಕಾರಿನ ಸುತ್ತ ಒಂದು ಸುತ್ತು ಹಾಕಿದ.

ಬಂಗಾರೆವ್ವ ನೋಡಲು ನಿಲ್ಲಲಿಲ್ಲ. ಹನ್ನೊಂದಕ್ಕೆ ಮೆನ್ಲೋ ಪಾರ್ಕಿನಲ್ಲಿ ಗಿರಾಕಿ ಕಾಯುತ್ತಿದ್ದರು. ಬಟ್ಟೆಗಂಟು ತಂದು ಡಿಕ್ಕಿಗೆ ಇಡುವಂತೆ ಗಂಡನಿಗೆ ಹೇಳಿ, ತಾನು ಕೈ ತೊಳೆಯಲು ಒಳಗೆ ಹೋದಳು.