ವಿನೋದಾಳ ಕಡೆಯ ರಕ್ತ

ಮುಂಬಯಿ ಹತ್ತಿರದ ಕಳವಾ ಊರಿನಲ್ಲಿ ಬ್ಲೌಸು ಹೊಲಿಯುವ ವಿನೋದಾ ಶೆಟ್ಟಿ ತುಂಬಿ ತುಳುಕುವ ಲೋಕಲ್ ಟ್ರೇನಿಗೂ ಹೆದರಿದವಳಲ್ಲ. ಅಂಥವಳೂ ಹೆದರಿದ್ದು 2014ರಲ್ಲಿ, ಹದಿನೈದರ ಮಗಳು ತೃಷಾ ಶಾಲೆಯಲ್ಲಿ ಕಬಡ್ಡಿ ಆಡುತ್ತ ಎಚ್ಚರ ತಪ್ಪಿ ಬಿದ್ದಾಗ. ಹೃದಯದ ತಾಳ ತಪ್ಪುತ್ತಿದೆ, ವಂಶದಿಂದ ಬಂದ ಕಾಯಿಲೆ, ಮುಂದಿನ ಸಲ ಏಳದೆಯೂ ಇರಬಹುದು ಎಂದರು ಡಾಕ್ಟರು.

ವಂಶದಲ್ಲಿ ಹಠಾತ್ತಾಗಿ ಸತ್ತವರನ್ನು ಬರೆದುಕೊಡಿ ಎಂದಾಗ, ಕಲ್ಯಾಣದ ಹೋಟೆಲೊಂದರ ಮ್ಯಾನೇಜರನಾದ ಗಂಡ ಲೋಕನಾಥ ಮುತ್ತಿನಂಥ ಅಕ್ಷರದಲ್ಲಿ ತಾನೇ ಬರೆದ: ವಿನೋದಾಳ ಸೋದರಮಾವ ಸರ್ವೋತ್ತಮ, ಇಪ್ಪತ್ತೆರಡರಲ್ಲಿ ಕೆರೆಯಲ್ಲಿ ಮುಳುಗಿ ಸತ್ತವನು. ಈಜು ಬಲ್ಲವನು ಮುಳುಗುವುದೆಂದರೇನು, ನೀರಲ್ಲೇ ಎದೆ ನಿಂತಿರಬೇಕೆಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ತನ್ನ ರಕ್ತವೇ ಮಗಳನ್ನು ಕೊಲ್ಲುತ್ತದೆಂಬ ಭಯ ವಿನೋದಾಳನ್ನು ಹಿಡಿಯಿತು. ತೃಷಾ ಬಚ್ಚಲಿಗೆ ಹೋದರೂ ಬಾಗಿಲಾಚೆ ನಿಂತಿರುವಳು. "ಮಮ್ಮಿ, ಬಸ್ ಕರೋ ನಾ!" ಸಾಕು ಮಾಡೆಂದು ಹುಡುಗಿ ಒಳಗಿಂದ ರೇಗುವಳು.

ಇಸಿಜಿ, ರಕ್ತಪರೀಕ್ಷೆಗಳಲ್ಲಿ ದೋಷ ಯಾರ ಕಡೆಯದೆಂದು ತಿಳಿಯಲಿಲ್ಲ. ನವಿ ಮುಂಬಯಿಯ ಪ್ರಯೋಗಾಲಯವೊಂದು ಮೂವರ ರಕ್ತವನ್ನೂ ಪಡೆದು, ಅದರ ಜೀವಕಣಗಳನ್ನು ಯಾವ ಅಂಗದ ಕಣವಾಗಿಯೂ ಬೆಳೆಯಬಲ್ಲ ಸ್ಟೆಮ್ ಸೆಲ್ಲಾಗಿ ಮಾಡಿ, ಅವುಗಳಿಂದ ಹೃದಯದ ಕಣಗಳನ್ನು ಬೆಳೆಸಿತು. ಯಾವ ಮದ್ದು ಹಿಡಿಸುತ್ತದೆಂದು ಮೊದಲು ಅವುಗಳ ಮೇಲೇ ನೋಡಬಹುದಿತ್ತು. ಇಷ್ಟಕ್ಕೇ ಎರಡು ವರ್ಷ ಹಿಡಿಯಿತು.

ಪ್ರಯೋಗಾಲಯದಲ್ಲಿದ್ದ ಧಾರವಾಡ ಮೂಲದ ಡಾಕ್ಟರ್ ಹೃಷೀಕೇಶ ಗಂಡಹೆಂಡತಿಯನ್ನು ಕರೆಸಿ ಪರದೆಯ ಮೇಲೆ ತೋರಿಸಿದರು. ತೃಷಾಳ ಕಣಗಳು ಮಿಡಿದವು, ತಡವರಿಸಿದವು, ನಿಂತವು. ಮತ್ತೆ ಮಿಡಿಯುವವರೆಗೆ ವಿನೋದಾ ಉಸಿರಾಡಲಿಲ್ಲ.

"ಇವು ನಿಮ್ಮವು, ಅಕ್ಕಾರ."

ವಿನೋದಾ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಅವಳ ಕಣಗಳು ಹೊಲಿಗೆ ಮಿಶನ್ನಿನ ಹಾಗೆ ಒಂದೇ ಸಮ ಓಡುತ್ತಿದ್ದವು.

"ನನ್ನದು ಸರಿ ಉಂಟಾ?"

"ಭಾಳ ಚಲೋ ಅದಾವ್ರಿ."

ಅವಳಿಗೆ ಅಳು ಒತ್ತರಿಸಿ ಬಂತು. ಅಷ್ಟರಲ್ಲಿ ಲೋಕನಾಥನ ಕಣಗಳು ಬಂದವು. ಮಿಡಿದವು, ತಡವರಿಸಿದವು, ನಿಂತವು.

"ನಿಮ್ಮ ಕಡೆ ಯಾರರ ಹಠಾತ್ ತೀರಿಕೊಂಡಾರೇನ್ರಿ?"

"ನನ್ನ ಅಪ್ಪ. ಮೂವತ್ತೆಂಟರಲ್ಲಿ, ಊಟಕ್ಕೆ ಕೂತಲ್ಲೇ. ಅವರ ತಮ್ಮನೂ ಹಾಗೆಯೇ."

"ಮತ್ತ ಬರೀಲಿಲ್ಲ ಯಾಕ?"

"ಬರೆಯುವುದು ಹೇಗೆ ಡಾಕ್ಟ್ರೇ? ನಮ್ಮ ಅಳಿಯಕಟ್ಟಿನಲ್ಲಿ ಮಕ್ಕಳು ತಾಯಿಯ ಕುಟುಂಬದವರು. ಅಪ್ಪ ನನ್ನ ಕುಟುಂಬಕ್ಕೇ ಸೇರಿದವರಲ್ಲ, ಇನ್ನು ತೃಷಾಳ ಲೆಕ್ಕಕ್ಕೆ ಎಲ್ಲಿಂದ?"

ಎರಡು ವರ್ಷದ ಸಂಕಟಕ್ಕೆಲ್ಲ ಸರಿಯಾಗಿ ಉಗಿಯಬೇಕೆಂದು ವಿನೋದಾ ಗಂಡನತ್ತ ತಿರುಗಿದಳು. ಅವನು ಪರದೆಯಲ್ಲೇ ಕಣ್ಣು ನೆಟ್ಟು, ಅಂಗಿಯ ಮೇಲಿಂದ ಎದೆ ಒತ್ತಿಹಿಡಿದು ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. ಈಗಲೇ ಅವನ ಎದೆಯೂ ನಿಂತುಬಿಟ್ಟರೆ? ಸ್ಟೂಲು ಎಳೆದು, ಅವನ ತೋಳು ಹಿಡಿದಳು.

"ಕೂತ್ಕೊಳ್ಳಿ," ಎಂದಳು. "ದಮ್ಮಯ್ಯ, ಒಮ್ಮೆ ಕೂತ್ಕೊಳ್ಳಿ."