ರುಚಿ ಕಳೆದುಕೊಂಡ ಲೀಲಕ್ಕ

ಪ್ರವಾಸಿಗರನ್ನು ಮಡಿಕೇರಿಯಿಂದ ಜೀಪಿನಲ್ಲಿ ಹಳ್ಳಿ ಮನೆಗಳಿಗೆ ಊಟಕ್ಕೆ ಕರೆದೊಯ್ಯುವುದು ನನ್ನ ಕೆಲಸ. ಮೂರ್ನಾಡಿನ ಹತ್ತಿರ ಲೀಲಕ್ಕನ ಮನೆಯ ಹಂದಿಮಾಂಸದ ಪಂದಿಕರಿ ತಿನ್ನಲು ದೂರದೂರದವರು ಹುಡುಕಿಕೊಂಡು ಬರುತ್ತಿದ್ದರು. ಅದರಿಂದ ಅಕ್ಕಪಕ್ಕದ ನಾಲ್ಕು ಮನೆಯ ಹೆಂಗಸರೂ ಅದರ ಜೊತೆಗೆ ಬಡಿಸುವ ಅಕ್ಕಿತರಿಯ ಉಂಡೆ ಕಡಂಬುಟ್ಟು, ಉಪ್ಪಿನಕಾಯಿ ಮಾಡಿಕೊಟ್ಟು ಸಂಸಾರ ತೂಗಿಸುತ್ತಿದ್ದರು.

ಒಂದು ಮಧ್ಯಾಹ್ನ ಅತಿಥಿಯೊಬ್ಬರು ಮೊದಲ ತುತ್ತಿಗೇ, "ಅಮ್ಮ, ಇದಕ್ಕೆ ಉಪ್ಪೇ ಬಿದ್ದಿಲ್ವಲ್ಲ," ಎಂದರು. ಲೀಲಕ್ಕನ ಮುಖ ಬಿಳಿಚಿಕೊಂಡಿತು. ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ನಾನೂ ಹಿಂದೆಯೇ ಹೋಗಿ, "ಸ್ವಲ್ಪ ಬಾಯಿಗೆ ಹಾಕಿ ನೋಡಿ ಅಕ್ಕ," ಅಂದೆ.

"ನೋಡಿದ್ರೂ ಗೊತ್ತಾಗಲ್ಲ. ಹೋದ ವರ್ಷ ಜ್ವರ ಬಂತಲ್ಲ, ಆಮೇಲೆ ವಾಸನೆ, ರುಚಿ ಎರಡೂ ಹೋದವು. ದಿನಾ ಪಕ್ಕದ ಮನೆ ಜಾನಕಿ ರುಚಿ ನೋಡಿ ಹೇಳ್ತಿದ್ದಳು. ಇವತ್ತು ಅವಳು ಆಸ್ಪತ್ರೆಗೆ ಹೋಗಿದ್ದಾಳೆ."

"ಬೇರೆ ಯಾರಿಗೂ ಹೇಳಿಲ್ವಾ?"

"ಹೇಳಿದ್ರೆ ಊಟಕ್ಕೆ ಯಾರು ಬರ್ತಾರೆ? ಈ ನಾಲ್ಕು ಮನೆಯವರು ಏನು ಮಾಡಬೇಕು?"

ಅವರು ಉಪ್ಪು ಹಾಕುತ್ತಾ ಹೋದರು, ನಾನು ರುಚಿ ನೋಡುತ್ತಾ ಹೋದೆ. ಹದ ಬಂತು ಅಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೇಗಿದೆ?" ಎಂದರು.

"ಚೆನ್ನಾಗಿದೆ."

"ಅದನ್ನ ಎಲ್ಲರೂ ಹೇಳ್ತಾರೆ. ಸರಿಯಾಗಿ ಹೇಳಿ. ಕಾಚಂಪುಳಿಯ ಹುಳಿ ನಾಲಿಗೆಗೆ ಹತ್ತುತ್ತಾ? ಕರಿಮೆಣಸಿನ ಖಾರ ಗಂಟಲಲ್ಲಿ ನಿಲ್ಲುತ್ತಾ? ನನಗೆ ಮರೆತೇ ಹೋಗ್ತಿದೆ."

ಜೀಪಿನಲ್ಲಿ ಕೂತವರಿಗೆ ದಾರಿಯುದ್ದಕ್ಕೂ ಅದೇ ಕರಿಯನ್ನು ವರ್ಣಿಸಿ ಬಾಯಲ್ಲಿ ನೀರೂರಿಸುವವನು ನಾನು. ಮಾಡಿದವರೇ ಕೇಳಿದಾಗ ನನ್ನ ಬಾಯಿಂದ ಬಂದದ್ದು, "ಉಪ್ಪು ಸರಿಯಾಗಿದೆ ಅಕ್ಕ," ಅನ್ನುವ ಮಾತಷ್ಟೇ.