ಚೀನಾ ಹುಡುಗಿಯ ಪರ ಅಜ್ಜಿಯ ತಕರಾರು

ಹಲಸೂರಿನ ನಮ್ಮ ಬೀದಿಯಲ್ಲಿ ವಿಸಿಆರ್ ಬಾಡಿಗೆಗೆ ತಂದವರ ಮನೆಯೇ ಭಾನುವಾರದ ಟಾಕೀಸಾಗಿದ್ದ ಕಾಲ ಅದು. ಅವರೆಕಾಯಿ ಕಾಲ ಬಂದರಂತೂ ಕೇಳುವುದೇ ಬೇಡ. ನೆನೆಹಾಕಿದ ಕಾಳಿನ ಸುತ್ತ ಎಲ್ಲರೂ ಕೂತು, ಕಣ್ಣು ಟೀವಿಯ ಮೇಲಿಟ್ಟು, ಬೆರಳಲ್ಲಿ ಒಂದೊಂದೇ ಕಾಳು ಹಿತಕುತ್ತಿದ್ದೆವು. ಕೈಗೆಲ್ಲ ಸೊಗಡಿನ ವಾಸನೆ. ಇಂಗ್ಲಿಷ್ ಸಿನಿಮಾ ಆದರೆ ಅಮ್ಮನ ತಂಗಿ ಸರಳಾ ಚಿಕ್ಕಮ್ಮ ಪ್ರತಿ ಮಾತನ್ನೂ ಅಜ್ಜಿಗೆ ಕನ್ನಡದಲ್ಲಿ ಹೇಳಬೇಕು. ಅದು ನಮ್ಮನೆ ಪದ್ಧತಿ.

ಆ ಚಳಿಗಾಲ ಚಿಕ್ಕಮ್ಮ, ಶಿವಾಜಿನಗರದಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಚೀನಾ ಮೂಲದ ಹೆನ್ರಿಯನ್ನು ಮದುವೆಯಾಗುತ್ತೇನೆ ಎಂದು ಅಜ್ಜಿಗೆ ಹೇಳಿದ್ದಳು. ಅಜ್ಜಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವಳ ಮನಸ್ಸು ಕರಗಲಿ ಎಂದು ಚಿಕ್ಕಮ್ಮ ಹಳೆಯದೊಂದು ಪ್ರೇಮಕಥೆಯ ಕ್ಯಾಸೆಟ್ ತಂದಳು. ಬಿಳಿಯ ಸಿಪಾಯಿ, ಚೀನಾದ ಹುಡುಗಿ. ಕೊನೆ ಏನೆಂದು ಪಾಪ, ಅವಳಿಗೂ ಗೊತ್ತಿರಲಿಲ್ಲ.

ಎಂಥ ಚಂದದ ಸಿನಿಮಾ! ದೀಪಗಳು ತೇಲುವ ಹೊಳೆ, ಆ ರೇಷ್ಮೆ, ಆ ಪಿಟೀಲು. ನಾನು ಕಾಳು ಹಿತಕುವುದನ್ನೇ ಮರೆತೆ. ಅಜ್ಜಿ ಮಾತ್ರ ಕನ್ನಡಕ ಸರಿ ಮಾಡಿಕೊಂಡಳು.

"ಏನೇ ಸರಳಾ, ಇವ್ಳೆಲ್ಲಿ ಚೀನಾದವ್ಳು? ಬಿಳೀ ಹೆಂಗ್ಸಿಗೆ ಕಣ್ಣು ಎಳ್ದು ಬಣ್ಣ ಬಳ್ದವ್ರೆ!"

"ಆಗೆಲ್ಲ ಹಂಗೇ ಮಾಡ್ತಿದ್ರಂತೆ ಕಣಮ್ಮ."

"ಯಾಕೆ, ಚೀನಾದಲ್ಲಿ ಹೆಣ್ಮಕ್ಕಳಿಗೆ ಬರ ಬಂದಿತ್ತಾ?"

ಕೊನೆಗೆ ಸಿಪಾಯಿ ತನ್ನವರ ಜೊತೆ ಹಡಗು ಹತ್ತಿದ. ಅವನಿಗೆ ತಾನು ತೊಡಕಾಗಬಾರದೆಂದು ಹುಡುಗಿ ಹೊಳೆಗೆ ಬಿದ್ದಳು. ಚಿಕ್ಕಮ್ಮನ ಕನ್ನಡ ಅಲ್ಲಿಗೇ ನಿಂತುಹೋಯಿತು. ತಾನೇ ತಂದ ಸಿನಿಮಾ ತನಗೇ ಮುಳುವಾಯಿತಲ್ಲ ಎಂದು ತಲೆ ತಗ್ಗಿಸಿ ಕೂತಳು.

ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಟೀವಿಗೇ ಗದರಿದಳು. "ಥೂ! ಪ್ರೀತಿ ಮಾಡಿದ್ದು ಇಬ್ರು, ಸಾಯೋದು ಮಾತ್ರ ಇವ್ಳೊಬ್ಳೇನಾ? ಅವ್ಳನ್ನ ಮನೆಗೆ ಕರ್ಕೊಂಡೋಗೋಕೆ ಧೈರ್ಯ ಇಲ್ದೆ ಸಾಯಿಸ್ಬಿಟ್ರು." ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, "ನಿನ್ ಹೆನ್ರೀನ ನಾಳೆ ಊಟಕ್ಕೆ ಕರಿಯೇ. ನಮ್ಮನೇಲಿ ಯಾರೂ ಸಾಯೋದು ಬೇಡ" ಎಂದಳು.

ಅಜ್ಜಿ ಹೋಗಿ ವರ್ಷಗಳಾದವು. ಆ ಹಳೆಯ ಚಿತ್ರಗಳೆಲ್ಲ ಈಗ ಫೋನಿನಲ್ಲೇ ಸಿಗುತ್ತವೆ, ಅವುಗಳ ಚೆಲುವಿಗೆ ಇವತ್ತಿಗೂ ಸೋಲುತ್ತೇನೆ. ಮಾತುಗಳು ಕೆಳಗೆ ಅಕ್ಷರವಾಗಿ ಓಡುತ್ತವೆ, ನಾನೊಬ್ಬಳೇ ಓದಿಕೊಳ್ಳುತ್ತೇನೆ. ಹುಡುಗಿಯರು ಅಲ್ಲಿ ಇನ್ನೂ ಸಾಯುತ್ತಲೇ ಇದ್ದಾರೆ. ಅವರ ಪರವಾಗಿ ಜಗಳಕ್ಕೆ ನಿಲ್ಲುವವರು ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ.